ಮಂಗಳವಾರ ರಜೆ, ಕೈಯಲ್ಲಿ ಆಧಾರ್ ಕಾರ್ಡು: ದಾವಣಗೆರೆಯಿಂದ ಒಬ್ಬಳೇ ಎಲ್ಲಿಗೆ ಹೋಗಿ ಬರಬಹುದು?

ಜೀರೋ ಟಿಕೆಟ್:

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯ ಒಂದು ಬಟ್ಟೆ ಅಂಗಡೀಲಿ ಲೆಕ್ಕ ಬರಿತೀನಿ. ಊರು ಜಗಳೂರು ಕಡೆ, ಇಲ್ಲಿ ಪಿಜಿ. ವಯಸ್ಸು ಇಪ್ಪತ್ತಾರು, ಮದುವೆ ಆಗಿಲ್ಲ. ಆ ಸುದ್ದಿಗೆ ಮನೇಲಿ ಬೇರೆ ವಾಟ್ಸಾಪ್ ಗ್ರೂಪೇ ಐತೆ, ಇಲ್ಲಿ ಬೇಡ.

ಈಗ ಮದುವೆ ಸೀಸನ್ನು. ಭಾನುವಾರ ಬಂತಂದ್ರೆ ಅಂಗಡೀಲಿ ಕಾಲಿಡಕ್ಕೆ ಜಾಗ ಇರಲ್ಲ. ಒಂದು ಧಾರೆ ಸೀರೆ ಆರಿಸಕ್ಕೆ ಹದಿನಾಲ್ಕು ಜನ ಬರ್ತಾರೆ, ಅದರಲ್ಲಿ ಮದುಮಗಳೊಬ್ಬಳು ಬಿಟ್ಟು ಮಿಕ್ಕವರೆಲ್ಲ ಮಾತಾಡ್ತಾರೆ. ಹಂಗಾಗಿ ನನಗೆ ರಜೆ ಮಂಗಳವಾರ. ಗೆಳತಿಯರಿಗೆಲ್ಲ ಭಾನುವಾರ. ಕಾಲೇಜಲ್ಲಿ ಜೊತೆಗಿದ್ದವರಲ್ಲಿ ಅರ್ಧ ಬೆಂಗಳೂರು ಸೇರಿದಾರೆ, ಇನ್ನರ್ಧ ಮಕ್ಕಳ ಫೋಟೊ ಹಾಕ್ತಾರೆ. ಮೊದಮೊದಲು ರಜೆ ದಿನ ಬಟ್ಟೆ ಒಗೆದು, ಫ್ಯಾನ್ ಕೆಳಗೆ ಬಿದ್ಕಂಡು, ಕರೆಂಟ್ ಹೋದಾಗ ಬೈಕಂಡು ಕಳೀತಿದ್ದೆ. ಆಮೇಲೊಂದು ದಿನ ಬೆಳಗ್ಗೆ ಎದ್ದು ಒಬ್ಬಳೇ ದೋಸೆ ತಿನ್ನಕ್ಕೆ ಹೋದೆ.

ಒಬ್ಬಳೇ ಹೋದ್ರೆ ಏನ್ ಸುಖ ಅಂತೀರಾ? ಪಾಲು ಕೇಳೋರಿಲ್ಲ. ಬೆಣ್ಣೆ ಕರಗೋ ಮುಂಚೆ ತಿನ್ನಬಹುದು. ಫೋಟೊ ತೆಗಿ ಅನ್ನೋರಿಲ್ಲ. ಪಲ್ಯ ಇನ್ನೊಂದು ಸಲ ಹಾಕಿಸ್ಕಂಡ್ರೆ ನೋಡೋರಿಲ್ಲ. ಸೌದೆ ಒಲೆ ಮುಂದೆ ನಿಂತು ಕಾವಲಿಗೆ ನೀರು ಚಿಮುಕಿಸೋದನ್ನ ನೋಡ್ಕಂತ ನಿಂತಿದ್ದೆ, ಯಾರೂ "ಬಾರೇ ಲೇಟಾಯ್ತು" ಅನ್ನಲಿಲ್ಲ.

ಅಲ್ಲಿಂದ ಶುರು. ಕುಂದುವಾಡ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗು. ಗಾಜಿನ ಮನೆ (ಮಧ್ಯಾಹ್ನ ಹೋಗಬ್ಯಾಡ್ರಿ, ಹೆಸರಲ್ಲೇ ಗಾಜು ಐತೆ). ಹರಿಹರಕ್ಕೆ ಬಸ್ಸಲ್ಲಿ ಹೋಗಿ ಹರಿಹರೇಶ್ವರನ ಗುಡೀಲಿ ಕೂತು ಬಂದೆ. ಹೊಯ್ಸಳರ ಎರಡನೇ ನರಸಿಂಹನ ಕಾಲದಲ್ಲಿ, 1224ರಲ್ಲಿ ಪೋಲಾಳ್ವ ಅನ್ನೋ ದಂಡನಾಯಕ ಕಟ್ಟಿಸಿದ್ದಂತೆ. ನಾನು ಹೇಳೋದು ಅದಲ್ಲ. ಆ ನುಣುಪು ಕಂಬಕ್ಕೆ ಬೆನ್ನು ಕೊಟ್ಟು ಕೂತ್ರೆ ಹೊರಗೆ ಬಿಸಿಲು ಐತೆ ಅನ್ನೋದೇ ಮರ್ತುಹೋಗ್ತತೆ. ಎಂಟುನೂರು ವರ್ಷದಿಂದ ಕರೆಂಟ್ ಬಿಲ್ ಇಲ್ಲದೆ ನಡೀತಿರೋ ಎ.ಸಿ.

ಎಲ್ಲಕ್ಕಿಂತ ಮಜಾ ಕೊಟ್ಟಿದ್ದು ಮಂಡಕ್ಕಿ ಭಟ್ಟಿ. ಹುಟ್ಟಿದಾಗಿಂದ ಮಂಡಕ್ಕಿ ತಿಂತಿದೀನಿ, ಅದು ಹೆಂಗಾಗ್ತತೆ ನೋಡಿರ್ಲಿಲ್ಲ. ಅಂಗಡೀಲಿ ಜೊತೆ ಕೆಲಸ ಮಾಡೋ ಅಕ್ಕ ಒಬ್ರು ಅವರ ಸಂಬಂಧಿಕರ ಭಟ್ಟಿಗೆ ಕಳಿಸಿದ್ರು. ಭತ್ತ ನೆನೆಸಿ, ಬೇಯಿಸಿ, ಅಂಗಳದ ತುಂಬ ಹರಡಿ ಒಣಗಿಸಿರ್ತಾರೆ. ನಾವು ಬೈಯೋ ಈ ಬಿಸಿಲೇ ಅವರಿಗೆ ಬಂಡವಾಳ, ಮಳೆ ಹಿಡಿದ್ರೆ ಕೆಲಸ ನಿಂತಂಗೆ. ಆಮೇಲೆ ಮಿಲ್ಲಿಗೆ ಹಾಕಿ ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿಗೆ ಹಾಕ್ತಾರೆ. ಒಂದು ಉಸಿರು ಬಿಡೋದ್ರೊಳಗೆ ಅಷ್ಟೂ ಅರಳಿ ಬಾಣಲೆ ತುಂಬಿಬಿಡ್ತತೆ. ಅಲ್ಲಿನ ಅಜ್ಜ ಜರಡಿ ಹಿಡಿದು ಮರಳು ಉದುರಿಸಿ, ಬಿಸೀದು ಒಂದು ಬೊಗಸೆ ನನ್ನ ದುಪಟ್ಟಾಕ್ಕೇ ಸುರಿದ್ರು. ಬಿಸಿ ಮಂಡಕ್ಕಿ ರುಚೀನೇ ಬೇರೆ ಕಣ್ರೀ. ಅಂಗಡಿ ಪ್ಯಾಕೆಟ್ಟಿಗೆ ಆಮೇಲೆ ಮನಸ್ಸೇ ಒಪ್ತಿಲ್ಲ.

ಈಗ ಪ್ರಶ್ನೆ. ದುರ್ಗದ ಕೋಟೆ, ಸೂಳೆಕೆರೆ, ಸಂತೇಬೆನ್ನೂರು ಪುಷ್ಕರಣಿ. ಈ ಮೂರರಲ್ಲಿ ಈ ಬಿಸಿಲಿಗೆ ಯಾವುದು ಮೊದಲು? ನನ್ನ ಹತ್ರ ಗಾಡಿ ಇಲ್ಲ, ಬಸ್ಸೇ ಗತಿ. ಸಂಜೆ ಏಳಕ್ಕೆ ಪಿಜಿ ಆಂಟಿ ಗೇಟು ಹಾಕ್ತಾರೆ. ಕೋಟೆಗೆ ಎಂಟನೇ ಕ್ಲಾಸಲ್ಲಿ ಸ್ಕೂಲಿಂದ ಹೋಗಿದ್ದೆ, ಸಾಲಲ್ಲಿ ನಿಂತು ಎಣಿಸ್ಕಂಡಿದ್ದು ಬಿಟ್ರೆ ಏನೂ ನೆನಪಿಲ್ಲ.

"ಒಬ್ಬಳೇ ಯಾಕೆ" ಅಂತ ಕೇಳೋರು ದಯವಿಟ್ಟು ನಮ್ಮಮ್ಮನ ಹಿಂದೆ ಸಾಲಲ್ಲಿ ನಿಲ್ಲಿ.

ಹಳೇಪೇಟೆ ಹೈದ:

ಮೇ ತಿಂಗಳಲ್ಲಿ ಕಲ್ಲಿನ ಕೋಟೆ ಹತ್ತೋ ಐಡಿಯಾ ಕೊಟ್ಟವರು ಯಾರು? ಬಿಸಿಲು ನಲವತ್ತರ ಹತ್ರ ಐತೆ. ಜುಲೈ ಬರ್ಲಿ, ಮೋಡ ಇರ್ತತೆ, ಗಾಳಿ ಇರ್ತತೆ. ಅಲ್ಲಿವರೆಗೂ ಕಲ್ಲಂಗಡಿ ತಿನ್ಕಂಡು ಮನೇಲಿರಿ.

ದುರ್ಗದವಳು:

ಹಳೇಪೇಟೆಯವ್ರೇ, ನಾವು ದುರ್ಗದವರು ಬೇಸಿಗೇಲಿ ಊರು ಬಿಟ್ಟು ಹೋಗ್ತೀವಾ? ನಾನು ಹತ್ತು ವರ್ಷದಿಂದ ಬೆಳಗ್ಗೆ ಕೋಟೆ ಹತ್ತೋಳು. ನಮ್ಮೂರಲ್ಲಿ ಅರ್ಧ ಜನಕ್ಕೆ ಕೋಟೆ ಅಂದ್ರೆ ವಾಕಿಂಗ್ ಜಾಗ.

ತಂಗೀ, ಕೋಟೆಗೇ ಮೊದಲು ಹೋಗು. ಕತ್ತಲಿದ್ದಾಗಲೇ ದಾವಣಗೆರೆ ಬಿಡು. ಅರವತ್ತು ಕಿಲೋಮೀಟರ್ ಅಷ್ಟೇ, ಏಳು ಗಂಟೆ ಸುಮಾರಿಗೆ ದುರ್ಗದಲ್ಲಿರ್ತೀಯ. ಬಸ್ ಸ್ಟ್ಯಾಂಡಿಂದ ಆಟೋ ಮಾಡ್ಕೋ, ನಡೆಯೋ ಶಕ್ತಿ ಮೇಲಕ್ಕೆ ಉಳೀಲಿ. ಹನ್ನೊಂದಕ್ಕೆ ಕೆಳಗಿಳಿದಿರಬೇಕು. ಆಮೇಲೆ ಬಂಡೆ ಕಾದ್ರೆ ಮೇಲಿಂದ ಬಿಸಿಲು ಒಂದು, ಕೆಳಗಿಂದ ಬಿಸಿ ಇನ್ನೊಂದು.

ಬಾಗಿಲು ದಾಟುವಾಗ ಅವಸರ ಮಾಡಬೇಡ. ಒಂದು ಬಾಗಿಲಿಂದ ಇನ್ನೊಂದು ಬಾಗಿಲು ನೇರಕ್ಕೆ ಕಾಣಲ್ಲ, ತಿರುವಿ ತಿರುವಿ ಕಟ್ಟಿದಾರೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು ಅಂತ. ಮದ್ದು ಬೀಸೋ ಕಲ್ಲುಗಳ ಗುಂಡಿಗೆ ಇಣುಕು. ಮೇಲೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ನೋಡಿಕೊಂಡು ಗೋಪಾಲಸ್ವಾಮಿ ಹೊಂಡಕ್ಕೆ ಹೋಗು. ಅಲ್ಲಿ ಐದು ನಿಮಿಷ ಕೂತು ಯೋಚನೆ ಮಾಡು. ಮಳೆ ನೀರು ಈ ಹೊಂಡ ತುಂಬಿ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯೋ ಹಾಗೆ ಮಾಡಿದಾರೆ. ನಾಯಕರ ಯುದ್ಧದ ಕಥೆ ಎಲ್ರೂ ಹೇಳ್ತಾರೆ, ಈ ನೀರಿನ ಲೆಕ್ಕ ಹೇಳೋರು ಕಡಿಮೆ. ನನಗಂತೂ ಮದಕರಿನಾಯಕನಿಗಿಂತ ಆ ಹೊಂಡ ತೋಡಿಸಿದವರ ಮೇಲೆ ಗೌರವ ಜಾಸ್ತಿ.

ತುಪ್ಪದ ಕೊಳದ ಬಂಡೆ ಹತ್ತೋದಾದ್ರೆ ಚಪ್ಪಲಿ ಕಳಚಿ ಹತ್ತು. ಬಂಡೇಲಿ ಕೊರೆದಿರೋ ಹೆಜ್ಜೆ ಗುಂಡಿಗಳಿಗೆ ಬರಿಗಾಲೇ ಸರಿ. ಚಂದ್ರವಳ್ಳೀನ ಅದೇ ದಿನ ತುರುಕಬೇಡ. ಅಲ್ಲಿನ ಅಂಕಲಿ ಮಠದ ನೆಲದೊಳಗಿನ ಕೋಣೆಗಳಿಗೆ ಟಾರ್ಚು ಬೇಕು, ದಾರಿ ಗೊತ್ತಿರೋರು ಬೇಕು. ಅದಕ್ಕೆ ನನಗೇ ಮೆಸೇಜ್ ಮಾಡು, ನಾನು ಬರ್ತೀನಿ.

ರೈಟ್ ರೈಟ್:

ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು, ನಾಲ್ಕು ಮಾತು ಹೇಳ್ತೀನಮ್ಮ.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಮಾಡಿರೋ ಶಕ್ತಿ ಯೋಜನೆ 2023ರ ಜೂನ್ 11ರಿಂದ ಐತೆ, ಆದರೂ ಈಗಲೂ ಗೊಂದಲ ಮಾಡ್ಕಂತಾರೆ. ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿಗೆ ನಡೀತತೆ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸಿಗೆ ಇಲ್ಲ. ನಮ್ಮ ಭಾಗದಲ್ಲಿ ಪ್ರೈವೇಟ್ ಬಸ್ಸು ಜಾಸ್ತಿ, ಚನ್ನಗಿರಿ ಕಡೆ ಹೋಗೋವಾಗ ಬೋರ್ಡು ನೋಡಿ ಹತ್ತು. ದುಡ್ಡಿಲ್ಲದ ಟಿಕೆಟ್ಟು ಅಂತ ಕಿಟಕಿಯಿಂದ ಬಿಸಾಡಬೇಡ, ಚೆಕಿಂಗ್ ಬಂದ್ರೆ ತೋರಿಸಬೇಕು. ಎಷ್ಟೋ ಹೆಣ್ಣುಮಕ್ಕಳು ಅದನ್ನ ಮಡಚಿ ಮಡಚಿ ಕಿವಿ ಕೆರ್ಕಂಡು ಎಸೆದಿರೋದು ನೋಡೀನಿ.

ಬೆಳಗ್ಗೆ ಹೋಗೋವಾಗ ಎಡಗಡೆ ಸೀಟು ಹಿಡಿ, ಮುಖಕ್ಕೆ ಬಿಸಿಲು ಬೀಳಬಹುದು, ಆದ್ರೆ ಸೂರ್ಯ ಹುಟ್ಟೋದು ಕಾಣ್ತತೆ. ನಿದ್ದೆ ಬೇಕಂದ್ರೆ ಬಲಗಡೆ.

ಸೂಳೆಕೆರೆ ಬೇಸಿಗೆ ಜಾಗ ಅಲ್ಲ ಅಂತ ನನ್ನ ಅಭಿಪ್ರಾಯ. ಎರಡು ಗುಡ್ಡದ ನಡುವೆ ಒಂದು ಏರಿ, ಅದೂ ಅಷ್ಟು ದೊಡ್ಡ ಕೆರೆಗೆ ನಂಬಕ್ಕಾಗದಷ್ಟು ಕಡಿಮೆ ಉದ್ದದ ಏರಿ. ಸಿದ್ಧನ ತೂಬು, ಬಸವನ ತೂಬು ನೋಡಬೇಕು, ಸಿದ್ದೇಶ್ವರನ ಗುಡಿಗೆ ಹೋಗಬೇಕು. ಚಂದ ಕಾಣೋದು ಸಂಜೆ. ಆದರೆ ಸಂಜೆ ನಿಂತ್ರೆ ನಿಮ್ಮ ಪಿಜಿ ಗೇಟು ಹಾಕ್ತತೆ. ಮಳೆಗಾಲ ಮುಗಿದ ಮೇಲೆ ಮನೆಯವರ ಜೊತೆ ಗಾಡೀಲಿ ಹೋಗು.

ಹಳೇಪೇಟೆ ಹೈದ:

ರೈಟ್ ರೈಟ್ ಅಣ್ಣ, ಗಂಡಸರಿಗೆ ಯಾವಾಗ ಫ್ರೀ?

ರೈಟ್ ರೈಟ್:

ನೀನು ಮನೇಲಿ ಕಲ್ಲಂಗಡಿ ತಿನ್ನಪ್ಪ.

ಜೀರೋ ಟಿಕೆಟ್:

ಹೋಗಿ ಬಂದೆ! ದುರ್ಗಕ್ಕೆ!

ಎಡಗಡೆ ಸೀಟೇ ಹಿಡಿದೆ. ಭರಮಸಾಗರ ದಾಟೋ ಹೊತ್ತಿಗೆ ಸೂರ್ಯ ಬಂದ. ಪಕ್ಕದಲ್ಲಿ ಕೂತಿದ್ದ ಅಮ್ಮ ಮಲ್ಲಿಗೆ ಮೊಗ್ಗಿನ ಬುಟ್ಟಿ ಇಟ್ಕಂಡಿದ್ರು, ದಾರಿಯುದ್ದಕ್ಕೂ ಕಟ್ತಾನೇ ಇದ್ರು. ಇಳಿಯೋವಾಗ ಒಂದು ತುಂಡು ಹರಿದು ಕೊಟ್ಟು "ದೇವಿಗೆ ಏರಿಸು" ಅಂದ್ರು. ಅರ್ಧ ಏಕನಾಥೇಶ್ವರಿಗೆ ಕೊಟ್ಟೆ, ಅರ್ಧ ನಾನೇ ಮುಡ್ಕಂಡೆ.

ದುರ್ಗದಕ್ಕ, ನೀವು ಹೇಳಿದಂಗೆ ಗೋಪಾಲಸ್ವಾಮಿ ಹೊಂಡದ ಹತ್ರ ಕೂತೆ. ಐದು ನಿಮಿಷ ಅಂದಿದ್ರಿ, ಎಷ್ಟೊತ್ತು ಕೂತೆನೋ. ಲೆಕ್ಕ ಬರೆಯೋಳಿಗೆ ಲೆಕ್ಕ ತಪ್ಪೋದು ಎಷ್ಟು ಹಿತ ಗೊತ್ತಾ? ತುಪ್ಪದ ಕೊಳ ಬರಿಗಾಲಲ್ಲೇ ಹತ್ತಿದೆ. ಅರ್ಧಕ್ಕೆ ಕಾಲು ನಡುಗ್ತು. ಕೆಳಗೆ ನೋಡಬಾರದು ಅನ್ಕಂಡು ಮೇಲೆ ನೋಡಿದ್ರೆ ಬರೀ ಆಕಾಶ, ಅದಿನ್ನೂ ಭಯ. ಕೊನೆಗೆ ನನ್ನ ಕಾಲಿನ ಹೆಬ್ಬೆರಳನ್ನೇ ನೋಡ್ಕಂಡು ಹತ್ತಿದೆ. ಮೇಲೆ ಗಾಳಿ ಅಂದ್ರೆ ಗಾಳಿ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗ್ತಿದ್ವು. ಜೋರಾಗಿ ಕೂಗಬೇಕು ಅನ್ನಿಸ್ತು, ಕೂಗಿದೆ. ಏನಂತ ಹೇಳಲ್ಲ.

ಅಸಲಿ ಕಥೆ ಓಬವ್ವನ ಕಿಂಡೀದು. ತಣ್ಣೀರು ದೋಣಿ ನೋಡ್ಕಂಡು ಅಲ್ಲಿಗೆ ಹೋದೆ. ಎರಡು ನೀರಿನ ಬಾಟ್ಲು, ಛತ್ರಿ, ಮಂಡಕ್ಕಿ ಡಬ್ಬಿ ಎಲ್ಲ ಇದ್ದ ಬ್ಯಾಗು ಬೆನ್ನಿಗಿತ್ತು. ಬಗ್ಗಿ ನುಸುಳಿದ್ರೆ ಬ್ಯಾಗು ಕಲ್ಲಿಗೆ ಸಿಗಾಕ್ಕಂತು. ಮುಂದೆ ಹೋಗಂಗಿಲ್ಲ, ಹಿಂದೆ ಬರಂಗಿಲ್ಲ. ಹೈದರಾಲಿ ಸೈನಿಕರು ಯಾಕೆ ಒಬ್ಬೊಬ್ಬರೇ ಬರಬೇಕಾಯ್ತು ಅಂತ ಪಾಠದಲ್ಲಿ ಓದಿದ್ದೆ, ಅವತ್ತು ಮೈಗೇ ಗೊತ್ತಾಯ್ತು. ಆಚೆ ಕಡೆ ಒಬ್ರು ಅಜ್ಜಿ ನಿಂತಿದ್ರು, ಮೊಮ್ಮಕ್ಕಳ ಜೊತೆ ಬಂದವರು. ನನ್ನ ತಲೆ ಮಾತ್ರ ಹೊರಗೆ ಬಂದಿದ್ದು ನೋಡಿ, ಸೆರಗು ಸೊಂಟಕ್ಕೆ ಸಿಗಿಸಿ, ಎರಡೂ ಕೈ ಎತ್ತಿ ತೋರಿಸಿ "ಬಾರವ್ವ ಬಾ, ಹೆದರಬ್ಯಾಡ, ನನ್ನ ಕೈಲಿ ಒನಕೆ ಇಲ್ಲ" ಅಂದ್ರು!

ನಗು ತಡೆಯಕ್ಕಾಗದೆ ಇನ್ನೂ ಬಿಗಿಯಾಗಿ ಸಿಗಾಕ್ಕಂಡೆ. ಅಜ್ಜೀನೇ ಬ್ಯಾಗಿನ ಪಟ್ಟಿ ಬಿಡಿಸಿ, ಬ್ಯಾಗು ಮೊದಲು ಎಳ್ಕಂಡು, ಆಮೇಲೆ ನನ್ನ ಎಳ್ಕಂಡ್ರು. ಮಂಡಕ್ಕಿ ಡಬ್ಬಿ ಅಲ್ಲೇ ಕೂತು ಎಲ್ರೂ ಖಾಲಿ ಮಾಡಿದ್ವಿ. ಒಬ್ಬಳೇ ಬಂದೀನಿ ಅಂದಾಗ ಅಜ್ಜಿ "ಒಳ್ಳೇದಾತು, ನಾನು ಇವ್ರನ್ನೆಲ್ಲ ಕಾಯದ್ರಾಗೇ ಕೋಟೆ ನೋಡಲಿಲ್ಲ" ಅಂದ್ರು.

ಹನ್ನೊಂದಕ್ಕೆ ಇಳಿದೆ, ದುರ್ಗದಕ್ಕ. ಸರಿ, ಹನ್ನೊಂದೂವರೆ. ಬಾಗಿಲಾಚೆ ತಾಟಿನಿಂಗು ಸಿಕ್ತು. ಬಸ್ಸಲ್ಲಿ ಬಲಗಡೆ ಕೂತು ದಾವಣಗೆರೆವರೆಗೂ ನಿದ್ದೆ.

ಮುಂದಿನ ವಾರ ಸಂತೇಬೆನ್ನೂರು. ಅದರ ಬಗ್ಗೆ ಯಾರೂ ಹೇಳ್ಲೇ ಇಲ್ಲ?

ದುರ್ಗದವಳು:

ಬೆನ್ನಿಗೆ ಬ್ಯಾಗು ಹಾಕ್ಕೊಂಡು ಕಿಂಡಿ ನುಸುಳೋದಾ! ಆ ಅಜ್ಜಿ ಯಾವೂರೋರು ಕೇಳಿದ್ಯಾ?

ಸಂತೇಬೆನ್ನೂರು ಬೇಸಿಗೆಗೆ ಚಲೋ ಜಾಗ. ಹನುಮಪ್ಪನಾಯಕ ಹದಿನಾರನೇ ಶತಮಾನದಲ್ಲಿ ಕಟ್ಟಿಸಿದ ಹೊಂಡ, ಸುತ್ತ ಮೆಟ್ಟಿಲು, ನಡುನೀರಲ್ಲಿ ವಸಂತ ಮಂಟಪ. ಎದುರಿಗೇ ಮುಸಾಫಿರ್‌ಖಾನಾ ಐತೆ, ಅದರ ದಪ್ಪ ಗೋಡೆಯ ನೆರಳಲ್ಲಿ ಕೂತ್ಕೋ, ಅಲ್ಲಿಂದ ಮಂಟಪ ಚಂದ ಕಾಣುತ್ತೆ. ನೋಡೋದು ಒಂದೇ ಜಾಗ, ಆದ್ದರಿಂದ ಪುಸ್ತಕ ತಗೊಂಡು ಹೋಗು.

ಐಬ್ರೋ ಅಕ್ಕ:

ಇಷ್ಟು ದಿನ ಓದ್ತಾ ಮಾತ್ರ ಇದ್ದೆ. ನಂದು ಇಲ್ಲೇ ಬ್ಯೂಟಿ ಪಾರ್ಲರು, ನಮಗೂ ಮಂಗಳವಾರವೇ ರಜೆ. ಊರಲ್ಲಿ ಮಂಗಳವಾರ ಖಾಲಿ ಇರೋಳು ನಾನೊಬ್ಬಳೇ ಅನ್ಕಂಡಿದ್ದೆ. ಸಂತೇಬೆನ್ನೂರಿಗೆ ನಾನೂ ಬರ್ಲಾ?

ಜೀರೋ ಟಿಕೆಟ್:

ಅಕ್ಕ, ಬೇಜಾರು ಮಾಡ್ಕೋಬೇಡಿ, ಸಂತೇಬೆನ್ನೂರಿಗೆ ನಾನೊಬ್ಬಳೇ ಹೋಗ್ತೀನಿ. ನೀವು ಅದರ ಮುಂದಿನ ವಾರ ಹೋಗಿ ಬನ್ನಿ, ನಾನು ನೋಡದೇ ಬಿಟ್ಟಿದ್ದು ಏನೇನು ಅಂತ ಹೇಳಿ. ಆದ್ರೆ ಹೊರಡೋ ಮುಂಚೆ ದೋಸೆಗೆ ಖಂಡಿತ ಬನ್ನಿ, ಎದುರಾಬದುರಾ ಕೂತು ತಿನ್ನಣ. ಏಳು ಗಂಟೆ ಒಳಗೆ ಬಂದುಬಿಡಿ, ಏಳೂವರೆ ಆದ್ರೆ ಸಾಲು ರೋಡಿಗೆ ಬಂದಿರ್ತತೆ. ಹೆಸರು ಇನ್‌ಬಾಕ್ಸಲ್ಲಿ ಹೇಳಿ, ಜಾಗ ಅಲ್ಲೇ ಕಳಿಸ್ತೀನಿ. ಇಲ್ಲಿ ಹಾಕಿದ್ರೆ ಹಳೇಪೇಟೆ ಹೈದ ಬಂದು ಪಲ್ಯ ಖಾಲಿ ಮಾಡ್ತಾರೆ.