ಫೋನಿನಲ್ಲೇ ಪಠ್ಯ ಹುಡುಕಾಟ: ಸಫಿಕ್ಸ್ ಅರೇ ಬದಲು ಏನು?

ಪ್ರಶ್ನೆ: ಹಳೆಯ ಕನ್ನಡ ಪಠ್ಯಗಳನ್ನು ನೆಟ್ ಇಲ್ಲದೆ ಹುಡುಕುವ ಆ್ಯಪ್ ಮಾಡುತ್ತಿದ್ದೇನೆ. ಪದದ ನಡುವಿನ ತುಂಡೂ ಸಿಗಬೇಕು. 100 ಎಂಬಿ ಪಠ್ಯಕ್ಕೆ ಸಫಿಕ್ಸ್ ಅರೇ (ಪ್ರತಿ ಸ್ಥಾನದಿಂದ ಪಠ್ಯದ ಕೊನೆಯವರೆಗಿನ ತುಂಡುಗಳನ್ನು ಅಕಾರಾದಿಯಾಗಿ ಜೋಡಿಸಿ, ಅವು ಶುರುವಾಗುವ ಸ್ಥಾನಗಳನ್ನು ಇಟ್ಟ ಪಟ್ಟಿ) ಸ್ಥಾನಕ್ಕೆ 4 ಬೈಟ್‌ನಂತೆ 400 ಎಂಬಿ ಆಗುತ್ತದೆ. ಜಾಸ್ತಿ ಅಲ್ವಾ?

ಉತ್ತರ 1: ಎಫ್‌ಎಂ-ಇಂಡೆಕ್ಸ್ ನೋಡಿ, ಪಠ್ಯವನ್ನು ಕುಗ್ಗಿಸಿಟ್ಟು ಅದರಲ್ಲೇ ಹುಡುಕಲು ಬಿಡುವ ಸೂಚಿ. ಫೆರ್ರಾಜಿನಾ ಮತ್ತು ಮಂಜಿನಿ ಎಂಬ ಸಂಶೋಧಕರು 2000ದಲ್ಲಿ ಕೊಟ್ಟದ್ದು. ಬರೋಸ್-ವೀಲರ್ ರೂಪಾಂತರದ (ಮತ್ತೆ ಮೂಲ ಪಡೆಯಬಹುದಾದಂತೆ ಅಕ್ಷರಗಳ ಕ್ರಮ ಬದಲಿಸುವ ವಿಧಾನ) ಮೇಲೆ ನಿಂತಿದೆ. ಪದವನ್ನು ಕೊನೆಯಿಂದ ಹಿಂದಕ್ಕೆ ಹುಡುಕುತ್ತದೆ. ಮೂಲ ಪಠ್ಯವನ್ನು ಬೇರೆ ಇಡಬೇಕಿಲ್ಲ, ಇಂಡೆಕ್ಸಿನಿಂದಲೇ ವಾಪಸ್ ಪಡೆಯಬಹುದು. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಅದೇ!

ಉತ್ತರ 2: ಅದಕ್ಕೂ ಮೊದಲು ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೂಢಿಯ ಕ್ರಮ) ಬಿಡಿ. ಅದರಲ್ಲಿ ‘ಕನ್ನಡ’ ಅನ್ನೋದಕ್ಕೇ 15 ಬೈಟ್. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಇರುವುದು 128 ಅಕ್ಷರ-ಸಂಕೇತಗಳ ಸ್ಥಾನ. ಒಂದೊಂದಕ್ಕೂ 1 ಬೈಟ್ ಸಾಕು.

ಪ್ರಶ್ನೆ ಕೇಳಿದವರು: ಸಿಕ್ಕ ಪದ ಎಲ್ಲಿದೆ ಅಂತ ತೋರಿಸುವುದು ಹೇಗೆ?

ಉತ್ತರ 1: ಎಲ್ಲ ಸ್ಥಾನ ಸುಮ್ನೆ ಇಡಬೇಡಿ. ಪಠ್ಯದ ಪ್ರತಿ 32ನೇ ಸ್ಥಾನ ಮಾತ್ರ ಉಳಿಸಿ. ಮಿಕ್ಕವನ್ನು, ಉಳಿಸಿದ ಸ್ಥಾನ ಸಿಗುವವರೆಗೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಹೋಗಿ ಲೆಕ್ಕ ಹಾಕಬಹುದು. ಸ್ವಲ್ಪ ನಿಧಾನ, ಆದರೆ ಫೋನಿಗೆ ಇದೇ ಸರಿ.