‘ಬಂಧಿತ’ ಸಾಕೇ, ‘ಸೆರೆಯಲ್ಲಿರುವ’ ಬೇಕೇ? ಸಾಲಿಡಾರಿಟಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮೇ 3 ಪತ್ರಿಕಾ ಸ್ವಾತಂತ್ರ್ಯ ದಿನ. ಸೋಮವಾರಪೇಟೆಯಲ್ಲಿ ನಾವು ನಾಲ್ಕೈದು ಜನ ಸೇರಿ ಒಂದು ಸಣ್ಣ ಸಭೆ ಮಾಡೋಣ ಅಂತಿದ್ದೇವೆ. ಮಾತು ಚೀನಾ ಸರ್ಕಾರವನ್ನು ಟೀಕಿಸುತ್ತಿದ್ದ ಹಾಂಕಾಂಗಿನ ‘ಆಪಲ್ ಡೈಲಿ’ ಪತ್ರಿಕೆ ಮತ್ತು ಅದನ್ನು ಕಟ್ಟಿದ ಜಿಮ್ಮಿ ಲಾಯ್ ಬಗ್ಗೆ. ಬ್ಯಾನರ್ ಬರೆಯಲು ಕೂತಾಗ ಎರಡು ಪದಕ್ಕೆ ಸಿಕ್ಕಿಬಿದ್ದೆವು.

ಮೊದಲನೆಯದು ‘ಬಂಧಿತ’. ಲಾಯ್ ಅವರನ್ನು 2020ರ ಆಗಸ್ಟ್ 10ರಂದು ಹಿಡಿದರು. ಎರಡು ದಿನದಲ್ಲಿ ಜಾಮೀನು ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಮತ್ತೆ ಒಳಗೆ ಹಾಕಿದರು, ವಿಚಾರಣೆ ವರ್ಷಗಟ್ಟಲೆ ಎಳೆಯಿತು. ನಾವು ಎರಡಕ್ಕೂ ‘ಬಂಧನ’ ಅಂತಲೇ ಬರೆಯುತ್ತೇವೆ! ಹಿಡಿದ ಗಳಿಗೆ ಬೇರೆ, ಕೂಡಿಹಾಕಿದ ವರ್ಷಗಳು ಬೇರೆ ಅಲ್ವಾ? ಹಳಬರ ಬಾಯಲ್ಲಿ ಮೊದಲನೆಯದಕ್ಕೆ ‘ದಸ್ತಗಿರಿ’ ಇತ್ತು. ಪಾರಸಿಯಲ್ಲಿ ದಸ್ತ್ ಎಂದರೆ ಕೈ. ಕೈ ಹಿಡಿದರು, ಅಷ್ಟೆ. ಎರಡನೆಯದಕ್ಕೆ ನನ್ನ ಓಟು ‘ಸೆರೆ’ಗೆ. ಆದರೆ ಕೊಡಗಿನಲ್ಲಿ ಬರೀ ‘ಸೆರೆ’ ಅಂದರೆ ಪೇಪರಿನ ‘ಪುಂಡಾನೆ ಸೆರೆ’ ನೆನಪಾಗುತ್ತದೆ, ಕಣ್ಣ ಮುಂದೆ ದುಬಾರೆ ಆನೆ ಶಿಬಿರ ಬರುತ್ತದೆ. ಅದಕ್ಕೇ ‘ಸೆರೆಯಲ್ಲಿರುವ’ ಅನ್ನಬೇಕು. ಆ ‘ಅಲ್ಲಿ’ ಸೇರಿದರೆ ಇನ್ನೂ ಒಳಗೇ ಇದ್ದಾರೆ ಅನ್ನುವುದು ತಿಳಿಯುತ್ತದೆ. ಇನ್ನು ‘ಬಂಧಿತ’ ಅಂದ ತಕ್ಷಣ ಮುಂದೆ ‘ಆರೋಪಿ’ ತಾನಾಗಿ ಬಂದು ಕೂರುತ್ತದೆ. ಕ್ರೈಂ ಸುದ್ದಿ ಓದಿ ಓದಿ ಬಂದ ಚಾಳಿ ಇರಬೇಕು.

(‘ಪ್ರಕಾಶಕ’ ಅಂದರೆ ನಮ್ಮಲ್ಲಿ ಪುಸ್ತಕ ಹಾಕುವವರು ಅಂದುಕೊಳ್ಳುತ್ತಾರೆ. ‘ಪತ್ರಿಕೆ ಒಡೆಯ’ ಅಂತ ಇಟ್ಟಿದ್ದೇವೆ. ಇದರಲ್ಲಿ ಜಗಳವಿಲ್ಲ.)

ಕಷ್ಟ ಇರುವುದು ಎರಡನೆಯ ಪದ ‘ಸಾಲಿಡಾರಿಟಿ’ಯಲ್ಲಿ, ಅಂದರೆ ಕಷ್ಟದಲ್ಲಿರುವವರ ಜೊತೆ ನಾವಿದ್ದೇವೆ ಅಂತ ನಿಲ್ಲುವುದು. ಲಾಯ್ ದಸ್ತಗಿರಿಯಾದ ಮರುದಿನ ಜನ ನಸುಕಿಗೇ ಸಾಲು ನಿಂತು ಪೇಪರು ಕೊಂಡರು. 5 ಲಕ್ಷಕ್ಕೂ ಜಾಸ್ತಿ ಪ್ರತಿ ಅಚ್ಚು ಹಾಕಬೇಕಾಯಿತು. 2021ರ ಜೂನ್ 24ರ ಕೊನೆಯ ಸಂಚಿಕೆ 10 ಲಕ್ಷ ಪ್ರತಿ. ಭಾಷಣ ಬೇಕಿರಲಿಲ್ಲ, ದುಡ್ಡು ಕೊಟ್ಟು ಒಂದು ಪೇಪರು ತೆಗೆದುಕೊಂಡರೆ ಆಯಿತು. ಇದಕ್ಕೆ ಏನನ್ನೋಣ?

‘ಐಕಮತ್ಯ’ ಆಗದು. ಸಾಲಿನಲ್ಲಿ ನಿಂತವರೆಲ್ಲ ಆ ಪೇಪರಿನ ಮತವನ್ನೇ ಒಪ್ಪಬೇಕಿಲ್ಲ. ‘ಒಗ್ಗಟ್ಟು’ ಒಂದು ಗುಂಪಿನ ಒಳಗಿನ ಮಾತು. ಇಲ್ಲಿರುವುದು ಹೊರಗಿನವರು ಬಂದು ನಿಲ್ಲುವುದು. ‘ಬೆಂಬಲ’ ಸರಿಯಾದ ಪದವೇ, ಬೆನ್ನಿಗೆ ಬಲ. ಆದರೆ ಬಂದ್‌ಗೂ ಬೆಂಬಲ, ಭತ್ತಕ್ಕೂ ಬೆಂಬಲ ಬೆಲೆ. ಸವೆದುಹೋಗಿದೆ. ಒಬ್ಬರು ‘ಮುಯ್ಯಾಳು’ ಅಂದರು. ನಾಟಿಗೆ ಇವತ್ತು ನಾನು ನಿಮ್ಮ ಗದ್ದೆಗೆ, ನಾಳೆ ನೀವು ನನ್ನ ಗದ್ದೆಗೆ. ಕೇಳಲು ಚೆಂದ. ಆದರೆ ಮುಯ್ಯಿ ಅಂದರೆ ತಿರುಗಿ ಬರಲೇಬೇಕಾದ ಲೆಕ್ಕ. ಸೇಡಿಗೂ ಅದೇ ಪದ. ಸೋಮವಾರಪೇಟೆಯಿಂದ ಹಾಂಕಾಂಗಿಗೆ ಯಾವ ಲೆಕ್ಕ?

ನನ್ನ ಮನಸ್ಸು ‘ಒತ್ತಾಸೆ’ಯ ಕಡೆಗಿದೆ. ಒತ್ತಿ ನಿಂತು ಆಸರೆ ಕೊಡುವ ಭಾವ ಇದೆ. ‘ಸೆರೆಯಲ್ಲಿರುವ ಪತ್ರಿಕೆ ಒಡೆಯನಿಗೆ ನಮ್ಮ ಒತ್ತಾಸೆ.’ ಗೆಳೆಯನಿಗೆ ಇದು ಹಿಡಿಸಲಿಲ್ಲ. ಒತ್ತಾಸೆ ದೊಡ್ಡವರು ಚಿಕ್ಕವರಿಗೆ ಕೊಡುವುದು ಅಂತಾನೆ. ಸುಮ್ನೆ ‘ನಿಮ್ಮ ಜೊತೆಗಿದ್ದೇವೆ’ ಅಂತ ಬರೆದುಬಿಡು ಅನ್ನುವುದು ಅವನ ವಾದ.

ನಿಮ್ಮ ಊರ ಕಡೆ ‘ಒತ್ತಾಸೆ’ ಈಗಲೂ ಮಾತಿನಲ್ಲಿದೆಯೇ? ಇದ್ದರೆ ಯಾರು ಯಾರಿಗೆ ಕೊಡುತ್ತಾರೆ? ಬ್ಯಾನರ್ ಬರೆಯುವವರು ಶನಿವಾರದೊಳಗೆ ಸಾಲು ಕೊಡಿ ಅಂದಿದ್ದಾರೆ.