ಹೊಳೆಯಲ್ಲಿ ಹೋದ ಪ್ಲಾಸ್ಟಿಕ್ ಸಮುದ್ರ ಸೇರಿದರೆ ಕೇಸು ಯಾರ ಮೇಲೆ?

ಹೊಳೆದಂಡಿ ರೈತ, ಜಮಖಂಡಿ

ಎಲ್ಲರಿಗೂ ನಮಸ್ಕಾರ್ರೀ. ಕೃಷ್ಣಾ ಹೊಳೆ ದಂಡೆಗೆ ನಮ್ಮ ಕಬ್ಬಿನ ಹೊಲ ಇದೆ. ಪ್ರವಾಹ ಇಳಿದ ಮೇಲೆ ಪಂಪ್‌ಸೆಟ್ ನೀರೆಳೆಯೋದೇ ನಿಂತಿತು. ಪೈಪ್ ಎತ್ತಿ ನೋಡಿದರೆ ನೀರೊಳಗಿನ ತುದಿಯ ಫುಟ್‌ವಾಲ್ವಿನ ಜಾಳಿಗೆಗೆ ಪೂರಾ ಪ್ಲಾಸ್ಟಿಕ್ ಮೆತ್ತಿಕೊಂಡಿದೆ. ಶಾಂಪೂ ಚೀಟಿ, ಹಾಲಿನ ಪಾಕೀಟು, ಗೊಬ್ಬರ ಚೀಲದ ಒಳಹಾಳೆ. ಎಲ್ಲಕ್ಕಿಂತ ಜಾಸ್ತಿ ಗುಟ್ಕಾ ಚೀಟಿ. ಉಗುರು ಹಾಕಿ ಒಂದೊಂದೇ ಬಿಡಿಸಿದೆ. ಮೇಲಿನ ಬಣ್ಣ ಹೋಗಿತ್ತು, ಒಳಗಿನ ಬೆಳ್ಳಿ ಹಾಳೆ ಮಾತ್ರ ಇವತ್ತೇ ಹರಿದಂಗೆ ಮಿಂಚುತ್ತಿತ್ತು.

ನೀರೇನೋ ಈಗ ಬರುತ್ತಿದೆ. ನನ್ನ ಪ್ರಶ್ನೆ ಬೇರೆ. ಮುಳುಗಿದ ಹಡಗಿನ ಪ್ಲಾಸ್ಟಿಕ್ ಕಾಳು (ಪ್ಲಾಸ್ಟಿಕ್ ಸಾಮಾನು ಮಾಡೋ ಕಚ್ಚಾ ಮಾಲು) ದಂಡೆಗೆ ಬಂತು ಅಂತ ಕೇರಳದವರು 9,531 ಕೋಟಿ ಕೇಳಿ ಕೋರ್ಟಿಗೆ ಹೋದರು. ನಮ್ಮ ಹೊಳೆಯೂ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ವಿಜಯವಾಡ ದಾಟಿ ಹಂಸಲದೀವಿ ಹತ್ತಿರ ಸಮುದ್ರ ಸೇರುತ್ತೆ. ಡ್ಯಾಮಿನಲ್ಲಿ ಕೂರೋದು ಕೂತರೂ ಉಳಿದದ್ದು ಹೋಗೇ ಹೋಗುತ್ತೆ, ಅಲ್ವಾ? ಅದಕ್ಕೆ ಹೊಣೆ ಯಾರು? ಎಸೆದವನಾ, ಪಂಚಾಯ್ತಿನಾ, ಕಂಪನಿನಾ? ಮೇಲೆ ಸಾಂಗ್ಲಿ ಕಡೆಯಿಂದ ತೇಲಿ ಬಂದದ್ದಕ್ಕೂ ನಾವೇ ಉತ್ತರ ಕೊಡಬೇಕಾ? ‘ನಾವೆಲ್ಲರೂ ಹೊಣೆ’ ಅಂತ ಮಾತ್ರ ಹೇಳಬೇಡಿ. ಅದನ್ನು ಆಗಸ್ಟ್ 15ರ ಭಾಷಣದಲ್ಲಿ ಕೇಳಿ ಸಾಕಾಗಿದೆ.

ಕರಿಕೋಟು, ಬೆಳಗಾವಿ

ಅಣ್ಣಾರೆ, ಹಡಗನ್ನು ಹಿಡಿಯೋದು ಸುಲಭ. ಅದಕ್ಕೆ ಹೆಸರಿದೆ, ಮಾಲೀಕ ಇದ್ದಾನೆ, ವಿಮೆ ಇದೆ. ನೀವು ಹೇಳಿದ ಆ ಹಡಗು, ಎಂಎಸ್‌ಸಿ ಎಲ್ಸಾ 3, ಮುಳುಗಿದ್ದು 2025ರ ಮೇ 25ಕ್ಕೆ. ಕೇರಳ ಹೈಕೋರ್ಟ್ ಅದೇ ಗುಂಪಿನ ಇನ್ನೊಂದು ಹಡಗನ್ನು ವಿಳಿಂಜಂ ಬಂದರಿನಲ್ಲಿ ತಡೆದು ನಿಲ್ಲಿಸಿತು. ಆಮೇಲೆ ಹಡಗು ಬಿಡಿಸಿಕೊಳ್ಳೋಕೆ ಕಟ್ಟಬೇಕಾದ ಭದ್ರತೆಯ ಮೊತ್ತವನ್ನು 1,227 ಕೋಟಿ ಚಿಲ್ಲರೆಗೆ ಇಳಿಸಿತು, ಆ ಮಾತು ಬೇರೆ. 2021ರಲ್ಲಿ ಕೊಲಂಬೊ ಹತ್ತಿರ ಸುಟ್ಟ ಎಕ್ಸ್‌ಪ್ರೆಸ್ ಪರ್ಲ್ ಹಡಗಿನ ಕೇಸಿನಲ್ಲಿ ಶ್ರೀಲಂಕಾ ಸುಪ್ರೀಂ ಕೋರ್ಟ್ 100 ಕೋಟಿ ಡಾಲರ್ ಕೊಡಿ ಅಂತ ಆದೇಶ ಮಾಡಿದೆ.

ಹೊಳೆಯಲ್ಲಿ ಹೋಗೋ ಕಸಕ್ಕೆ ಹಂಗೆ ಹಿಡಿಯೋಕೆ ಯಾರೂ ಸಿಗಲ್ಲ. 1982ರ ವಿಶ್ವಸಂಸ್ಥೆ ಸಮುದ್ರ ಒಪ್ಪಂದದ 207ನೇ ವಿಧಿಯಲ್ಲಿ ನದಿಯಿಂದ ಬರೋ ಮಾಲಿನ್ಯದ ಮಾತಿದೆ. ಆದರೆ ‘ನಿಮ್ಮ ನಿಮ್ಮ ದೇಶದಲ್ಲಿ ಕಾನೂನು ಮಾಡಿಕೊಳ್ಳಿ’ ಅನ್ನೋದೇ ಅದರ ತಿರುಳು. ಪ್ಲಾಸ್ಟಿಕ್ಕಿಗೇ ಬೇರೆ ಒಪ್ಪಂದ ಮಾಡೋಣ ಅಂತ 2022ರಲ್ಲಿ ನೈರೋಬಿಯಲ್ಲಿ ತೀರ್ಮಾನವಾಯಿತು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಕೂತವರೂ ಒಮ್ಮತ ಇಲ್ಲದೆ ಎದ್ದರು. ತಯಾರಿಕೆಯನ್ನೇ ಕಡಿಮೆ ಮಾಡಬೇಕಾ ಬೇಡವಾ ಅನ್ನೋದೇ ದೊಡ್ಡ ಜಗಳ.

ಹಂಗಾಗಿ ನಮ್ಮ ಕೈಗೆ ಸಿಗೋದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮ. ಕಸ ಎತ್ತೋ ವ್ಯವಸ್ಥೆ ಮಾಡೋದು ಪಂಚಾಯ್ತಿ ಕೆಲಸ. ಮಾರಿದ ಪ್ಯಾಕಿಂಗಿನ ಹೊಣೆ ಕಂಪನಿದು. ಮತ್ತೆ ನಿಮ್ಮ ಆ ಗುಟ್ಕಾ ಚೀಟಿ ಇದೆಯಲ್ಲ, ಗುಟ್ಕಾ, ತಂಬಾಕು, ಪಾನ್ ಮಸಾಲಾನ ಪ್ಲಾಸ್ಟಿಕ್ ಚೀಟಿಯಲ್ಲಿ ತುಂಬೋದೇ ಆ ನಿಯಮದ ಪ್ರಕಾರ ನಿಷೇಧ. ಹೊಳೆಗೆ ಬೀಳೋಕೆ ಮುಂಚೆಯೇ ಅದು ಕಾನೂನು ಮುರಿದಿತ್ತು.

ಕಿರಾಣಿ ಅಂಗಡಿ, ವಿಜಯಪುರ

ವಕೀಲ್ರೇ, ಹೇಳೋಕೆ ಚೆಂದ. ದಂಡ ಬೀಳೋದು ನನ್ನಂಥವನ ಮೇಲೆ. ತೆಳು ಚೀಲ ಇಟ್ಟಿದ್ದೀಯ ಅಂತ ಬಂದು ಕಟ್ಟು ಎತ್ತಿಕೊಂಡು ಹೋದರು, ರಸೀದಿ ಹರಿದರು. ಕೇಂದ್ರದ ನಿಯಮದಲ್ಲಿ ಚೀಲದ ದಪ್ಪ 120 ಮೈಕ್ರಾನ್ ಇರಬೇಕಂತೆ. ನಾನು ಮೈಕ್ರಾನ್ ಅಳೆಯೋದು ಯಾವ ತಕ್ಕಡಿಯಲ್ಲಿ? ಪಕ್ಕದಲ್ಲೇ ಮಾಲೆ ಮಾಲೆ ಪಾನ್ ಮಸಾಲಾ ಚೀಟಿ ತೂಗಾಡುತ್ತಿದ್ದವು. ಅವನ್ನು ಯಾರೂ ಮುಟ್ಟಲಿಲ್ಲ. ರಾಜ್ಯದಲ್ಲಿ ಗುಟ್ಕಾ 2013ರಿಂದ ಬಂದ್. ಈಗ ಮಸಾಲಾದ್ದು ಒಂದು ಚೀಟಿ, ತಂಬಾಕಿನದು ಇನ್ನೊಂದು, ತಿನ್ನೋನೇ ಕಲಸಿಕೊಳ್ಳಬೇಕು. ಕಸ ಡಬಲ್ ಆಯಿತು ಅಷ್ಟೇ.

ಡ್ರಿಪ್ ಹುಡುಗ, ಮುಧೋಳ

ಕಾಕಾ, ಹೊಲದಲ್ಲಿ ಬೆಳೆ ಬುಡಕ್ಕೆ ಹಾಸೋ ಪ್ಲಾಸ್ಟಿಕ್ ಮಲ್ಚಿಂಗ್ ಪೇಪರ್, ಹರಿದ ಡ್ರಿಪ್ ಪೈಪು? ಅದೂ ಹೊಳೆಗೇ ಹೋಗೋದು. ಅದರ ಮಾತೇ ಬರಲಿಲ್ಲ 😀

ಹೊಳೆದಂಡಿ ರೈತ, ಜಮಖಂಡಿ

ತಮ್ಮಾ, ಕಬ್ಬಿಗೆ ಮಲ್ಚಿಂಗ್ ಹಾಸೋನು ನಾನಲ್ಲ. ಕಲ್ಲಂಗಡಿ ಹಾಕಿದ ಬಾಜೂ ಹೊಲದವನಿಗೆ ಕೇಳು. ಹಳೇ ಡ್ರಿಪ್ ಪೈಪು ಗುಜರಿಯವನು ಬಂದು ರೊಕ್ಕ ಕೊಟ್ಟು ಒಯ್ಯುತ್ತಾನೆ. ಗುಟ್ಕಾ ಚೀಟಿಗೆ ಯಾವ ಗುಜರಿಯವನು ಬರುತ್ತಾನೆ? ರೊಕ್ಕ ಹುಟ್ಟದ್ದೇ ಹೊಳೆಗೆ ಬೀಳುತ್ತೆ.

ವಕೀಲ್ರೇ, ಹೊಣೆ ಕಂಪನಿದು ಅಂದ್ರಿ. ಹಾಗಾದರೆ ಕಂಪನಿಯವರು ಬಂದು ನಮ್ಮ ದಂಡೆಯಿಂದ ಎತ್ತಬೇಕಾ?

ಕರಿಕೋಟು, ಬೆಳಗಾವಿ

ಇಲ್ಲ, ತೂತು ಇರೋದೇ ಅಲ್ಲಿ. ಆ 2016ರ ನಿಯಮಕ್ಕೆ ಬಂದ 2022ರ ತಿದ್ದುಪಡಿ ಪ್ರಕಾರ ಕಂಪನಿ ತೋರಿಸಬೇಕಾದದ್ದು ತೂಕದ ಲೆಕ್ಕ. ಬೇರೆಲ್ಲೋ ಅಷ್ಟೇ ತೂಕದ ಪ್ಲಾಸ್ಟಿಕ್ ಮರುಬಳಕೆ ಆಗಿದೆ ಅಂತ ಸರ್ಟಿಫಿಕೇಟ್ ಕೊಂಡರೂ ಲೆಕ್ಕ ಚುಕ್ತಾ. ನಿಮ್ಮ ಜಾಳಿಗೆಯಲ್ಲಿ ಸಿಕ್ಕ ಚೀಟಿ ಅಲ್ಲೇ ಇದ್ದರೂ ಕಾಗದದಲ್ಲಿ ಎಲ್ಲ ಸರಿಯಾಗೇ ಕಾಣುತ್ತೆ. ನನ್ನ ಪ್ರಕಾರ ಇದು ನಿಯಮದ ದೊಡ್ಡ ಸೋಲು.

ಆದರೂ ದಾರಿ ಇದೆ. ಕೆಡಿಸಿದವನೇ ದಂಡ ತೆರಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಕೇಸಿನಲ್ಲಿ ಹೇಳಿದೆ. ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಂನಲ್ಲೂ ಅದೇ ಇದೆ. ನಮಗೆ ಚೆನ್ನೈ ಪೀಠ. ಸಾಂಗ್ಲಿದು ಅಂತ ಅನುಮಾನ ಇದ್ದರೆ ಮಹಾರಾಷ್ಟ್ರವನ್ನೂ ಪಾರ್ಟಿ ಮಾಡಬಹುದು. ಅರ್ಜಿ ಆನ್‌ಲೈನಲ್ಲೇ ಹಾಕಬಹುದು, ಚೆನ್ನೈಗೆ ಓಡೋದು ಬೇಡ. ಆದರೆ ಪರಿಸರದ ತಕರಾರು ತೀರ್ಮಾನಿಸಿ ಅಂತ ಕೇಳೋ 14ನೇ ಕಲಂ ಅರ್ಜಿಗೆ ಆರು ತಿಂಗಳ ಗಡುವು ಇರುತ್ತೆ, ತಡ ಮಾಡಬೇಡಿ.

ಚೀಟಿಗಳನ್ನು ಒಣಗಿಸಿ ಎರಡೂ ಬದಿ ಫೋಟೊ ತೆಗೀರಿ. ಕಂಪನಿ ಹೆಸರು, ನೋಂದಣಿ ಸಂಖ್ಯೆ ಪ್ಯಾಕಿಂಗ್ ಮೇಲೆ ಅಥವಾ ಅದರ ಕ್ಯೂಆರ್ ಕೋಡಿನಲ್ಲಿ ಇದೆಯಾ ನೋಡಿ. ಇದ್ದರೆ ಅವನು ಸಿಕ್ಕ, ಮೊದಲಿಂದಲೇ ಇಲ್ಲದಿದ್ದರೆ ಅದೂ ಒಂದು ಉಲ್ಲಂಘನೆ ಆಗಿರಬಹುದು. ಅದಕ್ಕೂ ಮುಂಚೆ ಪಂಚಾಯ್ತಿಗೆ ಬರಹದಲ್ಲಿ ದೂರು ಕೊಡಿ, ಮುದ್ರೆ ಹಾಕಿಸಿಕೊಂಡ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ.